ಹಾವಿಗಿಂತ ಮೊದಲು ಶಾಲು

ಕುಲಶೇಖರದ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿಯ ಸ್ಕೂಟರಿನಲ್ಲಿ ಸದಾ ಒಂದು ಸನ್ಮಾನದ ಶಾಲು ಇರುತ್ತಿತ್ತು. ಬೀದಿದೀಪ ರಿಪೇರಿಯಾದರೂ "ಒಂದು ಸಣ್ಣ ಕಾರ್ಯಕ್ರಮ ಮಾಡುವ" ಎನ್ನುತ್ತಿದ್ದರು.

ಹಾವು ಬಂದೀತೆಂದು ದಿನವೂ ಬಚ್ಚಲಿನ ತೂಬು ನೋಡಿಯೇ ಒಳಹೋಗುವ ನಾನು ಒಂದು ದಿನ ಮರೆತೆ. ನಾಗರಹಾವು ಬಾಗಿಲ ಬಳಿ, ನಾನು ವಾಷಿಂಗ್ ಮೆಷಿನ್ ಮೇಲೆ. ನನ್ನ ಕೂಗು ಕೇಳಿ ಕಾರ್ಯದರ್ಶಿ ಹಾವು ಹಿಡಿಯುವವರನ್ನು ಕರೆತಂದರು. ಆದರೆ ಅಂಗಳದಲ್ಲೇ ನಿಲ್ಲಿಸಿದರು.

"ಮೊದಲು ಹಾವು ಮಾರಾಯ್ರೆ," ಎಂದೆ ಕಿಟಕಿಯಿಂದ.

"ಹಿಡಿದ ಕೂಡಲೇ ಇವರು ಹೋಗ್ತಾರೆ. ಮತ್ತೆ ಶಾಲು ಯಾರಿಗೆ ಹಾಕುವುದು?"

ಪ್ರಾರ್ಥನೆ, ಸ್ವಾಗತ ಮುಗಿದು ಸಂಘದ ಅಧ್ಯಕ್ಷರ ಭಾಷಣ ಶುರುವಾದದ್ದೇ, ಹಾವು ತೂಬಿನಿಂದ ಹೊರಟುಹೋಯಿತು. ಕೂಗಿ ಹೇಳಿದೆ.

ಕಾರ್ಯದರ್ಶಿ ನಿಟ್ಟುಸಿರಿಟ್ಟರು. "ಅಧ್ಯಕ್ಷರು ಮಾತಿಗೆ ನಿಂತರೆ ಎಲ್ಲರೂ ಹೀಗೆಯೇ. ನೀವಾದರೂ ಕೂತಿರಿ ಮಾರಾಯ್ರೆ, ಧನ್ಯವಾದ ಉಂಟು."