ಮಗಳ ಮಾತು ಹುಡುಕಿ ಹೋದ ಲೈಬ್ರರಿ

ನನ್ನ ಮಗಳಿಗೆ ಎರಡು ವರ್ಷ ದಾಟಿ ಎಷ್ಟೋ ತಿಂಗಳಾಗಿದ್ದರೂ ಮಾತು ಬಂದಿರಲಿಲ್ಲ. ‘ಅವ್ವಾ’ ಅನ್ನುತ್ತಿರಲಿಲ್ಲ, ‘ಹಾಲು’ ಅನ್ನುತ್ತಿರಲಿಲ್ಲ. ಬೇಕಾದದ್ದರ ಹತ್ತಿರ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಕೊಡದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಮ್ಮ ಯಜಮಾನರು ಬ್ಯಾಂಕಿನ ಕೆಲಸದಲ್ಲಿ ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದಿದ್ದರು. ಪಂಚವಟಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಮತ್ತೆ ಈ ಮಗಳು.

ಅವಳು ಯಾಕೆ ಮಾತಾಡುವುದಿಲ್ಲ ಅನ್ನುವುದು ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಟೀವಿ ಹಚ್ಚಿದರೆ ಹಿಂದಿ. ಕೂಸಿಗೆ ಯಾವುದನ್ನು ಆಡಬೇಕೆಂದು ತಿಳಿಯದೆ ಬಾಯಿ ಕಟ್ಟಿಹೋಗಿದೆ ಎಂದು ಎಲ್ಲರೂ ತೀರ್ಪು ಕೊಟ್ಟಿದ್ದರು. ವರ್ಗವಾಗಿ ಬಂದ ಕನ್ನಡದವರ ಮನೆಗಳಲ್ಲಿ ಇದು ಔಷಧಿಯ ಹಾಗೆ ಕೈಯಿಂದ ಕೈಗೆ ದಾಟುತ್ತಿದ್ದ ಬುದ್ಧಿಮಾತು. ಬ್ಯಾಂಕಿನವರ ಹೆಂಡಂದಿರು, ಓಝರ್ ಕಡೆಯ ವಿಮಾನ ಕಾರ್ಖಾನೆಯ ಇಂಜಿನಿಯರರ ಹೆಂಡಂದಿರು ಅರಿಷಿಣ-ಕುಂಕುಮಕ್ಕೆ ಸೇರಿದರೆ ಸಾಕು, ನನ್ನನ್ನು ನಡುವೆ ಕೂರಿಸಿಕೊಂಡು ಶುರು ಮಾಡುತ್ತಿದ್ದರು.

“ಒಂದೇ ಭಾಷಾ ಇಡ್ರಿ. ನಾಳೆ ಸಾಲಿ ಮರಾಠಿಯೊಳಗ ಅಲ್ಲೇನ್ರಿ? ಮರಾಠಿನೇ ಇಡ್ರಿ. ಕನ್ನಡ ಎಲ್ಲಿ ಓಡಿ ಹೋಗ್ತದ, ಆಮ್ಯಾಲೆ ಕಲೀತಾಳ.”

ಮಕ್ಕಳ ಡಾಕ್ಟರೊಬ್ಬರಿಗೂ ತೋರಿಸಿದೆವು. ಅವರು ಮಗಳ ಬೆನ್ನ ಹಿಂದೆ ನಿಂತು ಚಟ್ ಎಂದು ಚಪ್ಪಾಳೆ ಹೊಡೆದರು. ಮಗಳು ತಿರುಗಿದಳು. ಕಿವಿ ಚೆನ್ನಾಗಿದೆ, ಮನೆಯಲ್ಲಿ ಒಂದೇ ಭಾಷೆ ಮಾತಾಡಿ ಅಂದರು. ನಮಗೂ ಅದರಲ್ಲಿ ಅನುಮಾನವಿರಲಿಲ್ಲ. ಮನೆಯ ಪಕ್ಕದ ಗುಡಿಯಲ್ಲಿ ಗಂಟೆ ಬಾರಿಸಿದರೆ ಅವಳು ಓಡಿ ಬಂದು ಕಿಟಕಿಗೆ ಮುಖ ಹಚ್ಚಿ ನಿಲ್ಲುತ್ತಿದ್ದಳು. ಗಂಟೆ ಕೇಳುವ ಕಿವಿಗೆ ಏನು ರೋಗ?

ಅಂದಿನಿಂದ ಯಜಮಾನರ ಹುಕುಂ: ಕೂಸಿನ ಮುಂದೆ ಕನ್ನಡ ಆಡಕೂಡದು. ನಮ್ಮತ್ತೆಯ ಮರಾಠಿ ‘ಇಕಡೆ ಯೇ’, ಅಂದರೆ ಇಲ್ಲಿ ಬಾ, ಅನ್ನುವಲ್ಲಿಗೆ ಮುಗಿದು ಹೋಗುತ್ತಿತ್ತು. ಪಾಪ, ಅವರು ಮೊಮ್ಮಗಳ ಜೊತೆ ಮಾತಾಡುವುದನ್ನೇ ಬಿಟ್ಟರು. ಮಾತು ಬರಲೆಂದು ದಿನಾ ಬಜೆಬೇರು ತೇಯ್ದು, ಜೇನಿನಲ್ಲಿ ಕಲಸಿ ಅವಳ ನಾಲಿಗೆಗೆ ಸವರಿ, ಸುಮ್ಮನೆ ತಲೆ ಸವರುತ್ತ ಕೂರುತ್ತಿದ್ದರು. ನನ್ನದೋ ಸಂತೆಯ ಮರಾಠಿ. ಉಳ್ಳಾಗಡ್ಡಿಯವನ ಜೊತೆ ಚೌಕಾಶಿ ಮಾಡಲಿಕ್ಕೆ ಸಾಕಾಗುತ್ತಿತ್ತು, ಮಗಳನ್ನು ಮುದ್ದು ಮಾಡಲಿಕ್ಕೆ ಎಲ್ಲಿ ಸಾಲಬೇಕು? ತಟ್ಟಿ ಮಲಗಿಸುವಾಗ ಜೋಗುಳ ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ಸ್ವಂತ ಮಗಳ ಮುಂದೆ ನಾನು ಬೇರೆ ಯಾರದೋ ಮನೆಯ ಕೆಲಸದವಳ ಹಾಗೆ ಅಳೆದು ತೂಗಿ ಮಾತಾಡಿದೆ.

ಅಷ್ಟೆಲ್ಲ ಮಾಡಿ ಬಂದ ಲಾಭವೇನು? ಒಂದು ವರ್ಷವಾಗುತ್ತ ಬಂತು, ಮರಾಠಿಯ ಒಂದಕ್ಷರವೂ ಅವಳ ಬಾಯಿಂದ ಬರಲಿಲ್ಲ. ಅಷ್ಟರಲ್ಲಿ ಯಜಮಾನರಿಗೆ ಔರಂಗಾಬಾದಿಗೆ ವರ್ಗವಾಯಿತು. ಇವತ್ತಿನ ಛತ್ರಪತಿ ಸಂಭಾಜಿನಗರಕ್ಕೆ ಆಗ ಅದೇ ಹೆಸರು. ಹೊಸ ಮನೆಯಲ್ಲಿ ಸಾಮಾನು ಬಿಚ್ಚುತ್ತಿರುವಾಗಲೇ ಪಕ್ಕದ ಮನೆಯಾಕೆ ಬಂದು ನೋಡಿ, ಕೇಳಿ, ಮರುಗಿ, ಇಲ್ಲಿ ಎಲ್ಲರೂ ಆಡುವುದು ಹಿಂದಿ, ಮಗುವಿಗೆ ಮರಾಠಿ ಬಿಡಿಸಿ ಹಿಂದಿಯೊಂದನ್ನೇ ಇಡಿ ಅಂದರು. ಸಂಜೆ ಯಜಮಾನರಿಗೆ ಹೇಳಿದೆ, ನಗುತ್ತಾರೆ ಅಂದುಕೊಂಡು. ಅವರು ನಗಲಿಲ್ಲ.

“ಹಂಗಾದ್ರ ಹಿಂದಿನೇ ಇಟ್ಟು ನೋಡೂಣೇನು?” ಅಂದರು.

ನನಗೆ ಮೈಯೆಲ್ಲ ಉರಿದು ಹೋಯಿತು. “ನಾಳೆ ಮದ್ರಾಸಿಗೆ ವರ್ಗ ಆದ್ರ ತಮಿಳು ಇಡ್ತೀರೇನು? ಕೂಸಂದ್ರ ರೇಡಿಯೋ ಅಂತ ತಿಳಿದೀರೇನ್ರಿ, ಊರಿಗೊಂದು ಸ್ಟೇಷನ್ ತಿರುವಲಿಕ್ಕೆ?”

“ಹಂಗಾದ್ರ ನೀನೇ ಹೇಳು, ಏನ್ ಮಾಡೂದು?” ಅಂದರು ಅವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸೋತುಹೋದ ದನಿ ಅದು.

ತರಕಾರಿಗೆ ಹೋಗುವ ದಾರಿಯಲ್ಲಿ ಒಂದು ವೈದ್ಯಕೀಯ ಕಾಲೇಜಿತ್ತು. ನಾನು ಧಾರವಾಡದಲ್ಲಿ ಬಿ.ಎ. ಮಾಡಿದವಳು, ಲೈಬ್ರರಿಯ ಕಪಾಟುಗಳು ನನಗೆ ಹೊಸದಲ್ಲ. ಈ ಡಾಕ್ಟರುಗಳೆಲ್ಲ ಓದುವ ಪುಸ್ತಕ ಎಲ್ಲೋ ಒಂದು ಕಡೆ ಇರಲೇಬೇಕಲ್ಲ, ಮಗುವಿಗೆ ಯಾವ ಭಾಷೆ ಇಡಬೇಕು ಅನ್ನುವುದನ್ನು ನಾನೇ ಯಾಕೆ ಓದಬಾರದು ಅನ್ನಿಸಿತು. ಒಂದು ಮಧ್ಯಾಹ್ನ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಹೋದೆ.

ಬಾಗಿಲಲ್ಲೇ ಫಲಕ: ಹೊರಗಿನವರಿಗೆ ಪ್ರವೇಶವಿಲ್ಲ. ನಾನು ಒಳಗೇ ನಡೆದೆ. ಕೌಂಟರಿನ ಹಿಂದೆ ಲೈಬ್ರರಿಯನ್ ಕೂತಿದ್ದರು. ನಡುವಯಸ್ಸು ದಾಟಿದ ಹೆಂಗಸು, ಗಂಜಿ ಹಾಕಿದ ಸೀರೆ, ನೋಟವೂ ಗಂಜಿ ಹಾಕಿದ್ದೇ. ಅವರು ಆಡಿದ್ದು ಮರಾಠಿ, ನಾನು ಆಡಿದ್ದು ಮರಾಠಿ-ಹಿಂದಿಯ ಕಲಬೆರಕೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಏನು ಬೇಕಾಗಿತ್ತು, ತಾಯಿ?”

“ಮಗುವಿಗೆ ಯಾವ ಭಾಷೆ ಕಲಿಸಬೇಕು ಅನ್ನೋದರ ಪುಸ್ತಕ.”

“ಅದಕ್ಕೆ ಶಾಲೆಗೆ ಹೋಗಿ. ಇಲ್ಲಿಗೆ ಯಾಕೆ ಬಂದಿರಿ?”

ಆಗ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮೂರು ಭಾಷೆ, ಬಾಯಿ ಕಟ್ಟಿದ ಮಗಳು, ಅರಿಷಿಣ-ಕುಂಕುಮದವರ ಸಲಹೆ, ಮರಾಠಿಯ ವರ್ಷ, ಈಗ ಹಿಂದಿ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅಂದರು, “ಭಾಷೆ ಹೆಚ್ಚಾಗಿ ಮಾತು ಬಂದಿಲ್ಲ ಅಂತ ನೀವೇ ತೀರ್ಮಾನ ಮಾಡಿ ಬಂದಿದ್ದೀರಿ. ಆಮೇಲೆ ನಾನು ಹುಡುಕೋದು ಏನನ್ನು? ಅದನ್ನ ಸ್ವಲ್ಪ ಹೊತ್ತು ಮರೆತುಬಿಡಿ. ಮೂರು ವರ್ಷ ದಾಟಿದ ಮಗು ಮಾತಾಡ್ತಾ ಇಲ್ಲ, ಯಾಕೆ? ಇದಿಷ್ಟೇ ನಿಮ್ಮ ಪ್ರಶ್ನೆ.”

ಅಬ್ಬಾ, ಎಂಥ ಹೆಂಗಸು ಅನ್ನಿಸಿತು. ಹೆತ್ತವಳಿಗೇ ಪಾಠ! ಎದ್ದು ಬಂದುಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು ಎದ್ದಾಗಿತ್ತು. ಹೊರಗಿನವರಿಗೆ ಪುಸ್ತಕ ಮನೆಗೆ ಕೊಡುವುದಿಲ್ಲ, ಆದರೆ ವಿದ್ಯಾರ್ಥಿಗಳು ಬರುವವರೆಗೆ ತಮ್ಮ ಮೇಜಿನ ಹತ್ತಿರ ಕೂತು ಓದಬಹುದು ಅಂದರು. ಪುಸ್ತಕಗಳ ಹೆಸರು ಬರೆದ ಕಾರ್ಡುಗಳ ಡ್ರಾಯರ್ ಎಳೆದು ಮಕ್ಕಳ ರೋಗಗಳ ಪುಸ್ತಕಗಳು ಯಾವ ಕಪಾಟಿನಲ್ಲಿವೆ ಎಂದು ತೋರಿಸಿದರು. ವೈದ್ಯಕೀಯ ಪದಗಳ ನಿಘಂಟನ್ನೂ ನನ್ನ ಮುಂದೆ ತಂದಿಟ್ಟರು.

ಕಪಾಟಿನಲ್ಲಿ ಒಂದು ದಪ್ಪ ಪುಸ್ತಕ ರಟ್ಟು ಹರಿದು, ಅಂಚೆಲ್ಲ ಕಪ್ಪಾಗಿತ್ತು. ಇಷ್ಟು ಜನ ತಿರುವಿದ ಪುಸ್ತಕವೇ ಒಳ್ಳೆಯದಿರಬೇಕು ಎಂದು ಅದನ್ನೇ ತಂದೆ. ಕೊನೆಯ ಪುಟಗಳ ಇಂಗ್ಲಿಷ್ ಸೂಚಿಯಲ್ಲಿ ಮಾತಿಗಿರುವ ‘ಸ್ಪೀಚ್’ ಹುಡುಕಿ, ಆ ಪುಟ ತೆಗೆದು ಓದಿದರೆ, ಮನೆಯಲ್ಲಿ ಎರಡು ಭಾಷೆ ಆಡಿದರೆ ಮಾತು ತಡವಾಗಬಹುದು ಅಂತ ಇತ್ತು! ಗೆದ್ದವಳ ಹಾಗೆ ಒಯ್ದು ತೋರಿಸಿದೆ. ಅವರು ಆ ಸಾಲನ್ನು ನೋಡಲೂ ಇಲ್ಲ. ಮೊದಲ ಪುಟಕ್ಕೆ ತಿರುಗಿಸಿ ಅಚ್ಚಾದ ವರ್ಷದ ಮೇಲೆ ಬೆರಳಿಟ್ಟರು. ಅದು ಅಚ್ಚಾದಾಗ ನಾನೇ ಇನ್ನೂ ಪ್ರೈಮರಿ ಸಾಲಿಯಲ್ಲಿದ್ದೆ.

“ಇದೇ ಪುಸ್ತಕದ ಹೊಸ ಆವೃತ್ತಿ ಪಕ್ಕದಲ್ಲೇ ಇರಬೇಕು ನೋಡಿ. ಯಾವಾಗಲೂ ಮೊದಲು ವರ್ಷ ನೋಡಬೇಕು, ಆಮೇಲೆ ಉಳಿದದ್ದು.”

ಹೊಸದರಲ್ಲಿ ಅದೇ ಅಧ್ಯಾಯವಿತ್ತು, ಆ ಸಾಲು ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಬೇರೆ ಮಾತಿತ್ತು. ಎರಡು ಮೂರು ಭಾಷೆಯ ಮನೆಯ ಮಕ್ಕಳೂ ಮಾತು ಕಲಿಯುತ್ತಾರೆ. ಈ ವಯಸ್ಸಿಗೆ ಒಂದು ಶಬ್ದವೂ ಬಂದಿಲ್ಲವೆಂದರೆ ಭಾಷೆಗಳ ಮೇಲೆ ತಪ್ಪು ಹೊರಿಸಿ ಕೂರಬಾರದು, ಎಲ್ಲಕ್ಕಿಂತ ಮೊದಲು ಕಿವಿಯನ್ನು ಯಂತ್ರದಿಂದ ಪರೀಕ್ಷಿಸಬೇಕು. ಚಪ್ಪಾಳೆ ಸಾಲದು. ಜೋರು ಸದ್ದಿಗೆ ತಿರುಗುವ ಮಗುವಿಗೆ ಮಾತು ಕೇಳದೇ ಇರಬಹುದು.

ನಿಘಂಟಿನಲ್ಲಿ ಒಂದೊಂದೇ ಪದ ನೋಡಿ ಮತ್ತೆ ಓದಿದೆ. “ಹಾಗಾದರೆ ನನ್ನ ಮಗಳಿಗೆ ಕಿವಿ ಕೇಳೋದಿಲ್ಲವಾ?” ಎಂದು ಕೇಳಿದೆ.

“ಅದನ್ನ ನಾನು ಹೇಳಲಾರೆ. ಪುಸ್ತಕವೂ ಹೇಳೋದಿಲ್ಲ, ಅದು ನಿಮ್ಮ ಮಗಳನ್ನ ನೋಡಿಲ್ಲವಲ್ಲ,” ಅಂದರು ಅವರು. ಈಗ ದನಿ ಮೆತ್ತಗಾಗಿತ್ತು. “ಕಿವಿಯ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಅಲ್ಲಿ ಯಾರಾದರೂ ಕಿವಿ ಚೆನ್ನಾಗಿದೆ ಅಂದರೆ, ಹೇಗೆ ಪರೀಕ್ಷೆ ಮಾಡಿದಿರಿ ಅಂತ ಕೇಳಿ. ಹೆದರಬೇಡಿ. ಕೇಳೋದು ತಾಯಿಯ ಹಕ್ಕು.”

ಮನೆಗೆ ಬಂದು ಹೇಳಿದರೆ ಯಜಮಾನರು ಎಗರಿದರು. “ಒಂದು ಮಧ್ಯಾಹ್ನ ಪುಸ್ತಕ ಓದಿ ಡಾಕ್ಟರ್ ಆದ್ಯೇನು? ಅಕಿಗೆ ಗುಡಿ ಗಂಟಿ ಕೇಳ್ತಿತ್ತಲ್ಲ!” ಮಗಳು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಕೂತಿದ್ದಳು. ಅವಳ ಬೆನ್ನ ಹಿಂದೆ ನಿಂತು, ದಿನಾ ಕರೆಯುವ ಹಾಗೆ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಯಜಮಾನರು ಕರೆದರು, ನಮ್ಮತ್ತೆ ಕರೆದರು. ಅವಳ ಪಾಡಿಗೆ ಅವಳು ಡಬ್ಬಿ ಜೋಡಿಸುತ್ತಿದ್ದಳು. ಮುಂದೆ ಹೋಗಿ ತುಟಿ ಆಡಿಸಿದೆ, ದನಿ ಇಲ್ಲದೆ. ತಟ್ಟನೆ ನನ್ನ ಮುಖ ನೋಡಿ ನಕ್ಕಳು. ಇಷ್ಟು ದಿನ ಅವಳು ಓದುತ್ತಿದ್ದದ್ದು ನಮ್ಮ ಮುಖಗಳನ್ನು. ಯಜಮಾನರು ಹಾಗೇ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟರು. ಮರುದಿನ ರಜೆ ಹಾಕಿದರು.

ಕಿವಿಯ ಪರೀಕ್ಷೆಗೆ ದಪ್ಪ ಗೋಡೆಯ ಒಂದು ಸಣ್ಣ ಕೋಣೆ. ಒಳಗೆ ಹೆಚ್ಚು ಕಡಿಮೆ ಸದ್ದುಗಳನ್ನು ಹಾಕಿ, ಅವಳು ಯಾವುದಕ್ಕೆ ತಿರುಗುತ್ತಾಳೆಂದು ನೋಡಿದರು. ಎರಡೂ ಕಿವಿ ಮಂದ, ಜೋರು ಸದ್ದು ಕೇಳುತ್ತದೆ, ಸಾದಾ ಮಾತು ಕೇಳುವುದಿಲ್ಲ ಅಂದರು ಡಾಕ್ಟರು. ಕಿವಿಗೆ ಯಂತ್ರ ಹಾಕಿದರೆ ಕೇಳಬಹುದು, ಆಮೇಲೆ ಪಕ್ಕದಲ್ಲಿ ಕೂತು ಮಾತಾಡಿಸುತ್ತ ಕಲಿಸಬೇಕು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಅಂದರು.

“ಯಾವ ಭಾಷೆಯಲ್ಲಿ ಮಾತಾಡಿಸಲಿ?” ಎಂದು ಕೇಳಿದೆ.

ಡಾಕ್ಟರು ನಕ್ಕುಬಿಟ್ಟರು. “ಅವಳನ್ನ ಯಾವ ಭಾಷೆಯಲ್ಲಿ ಬೈತೀರಿ? ಅದರಲ್ಲೇ.”

ಮನೆಗೆ ಬಂದು ನಮ್ಮತ್ತೆಗೆ ಅದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಯಾವ ಭಾಷೆಯೂ ಮುಟ್ಟದಿದ್ದ ಕಿವಿಗೆ ನಾವು ಭಾಷೆ ಬದಲಿಸಿ ಬದಲಿಸಿ ಸುರಿದಿದ್ದೆವು. ಅಜ್ಜಿ-ಮೊಮ್ಮಗಳು ಒಂದೇ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕಳೆದ ಆ ವರ್ಷವನ್ನು ಯಾರು ತಂದುಕೊಡುತ್ತಾರೆ? ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು ಎಲ್ಲರೂ, ಅದು ಗೊತ್ತು. ಆದರೂ ನನಗೆ ಅವರ ಮೇಲೆ ಬಂದ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಯಂತ್ರ ಬರಲು ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ನಾನು ಲೈಬ್ರರಿಗೆ ಮತ್ತೆ ಮತ್ತೆ ಹೋದೆ. ಪರೀಕ್ಷೆಯ ಫಲ ಹೇಳಿದಾಗ ಲೈಬ್ರರಿಯನ್ ‘ಅಯ್ಯೋ’ ಅನ್ನಲಿಲ್ಲ. ಒಂದು ಲೋಟ ನೀರು ಕೊಟ್ಟು, “ಇನ್ನು ಮುಂದಿನ ಪ್ರಶ್ನೆ ಹೇಳಿ,” ಅಂದರು. ಮುಂದಿನ ಸಲ ಹೋಗುವಷ್ಟರಲ್ಲಿ ಮಂದಗಿವಿಯ ಮಕ್ಕಳಿಗೆ ಮಾತು ಕಲಿಸುವ ಬಗ್ಗೆ ಇದ್ದ ಪುಸ್ತಕ ಮೇಜಿನ ಮೇಲಿತ್ತು. ಅರ್ಥವಾಗದ ಕಡೆ ಅವರು ತಾವೇ ಅರ್ಥ ಹೇಳುತ್ತಿರಲಿಲ್ಲ, ಇದನ್ನು ಡಾಕ್ಟರನ್ನು ಕೇಳಿ ಅನ್ನುತ್ತಿದ್ದರು. ಯಂತ್ರ ಹಾಕಿದ ಮೊದಲ ದಿನ ಮಗು ಹೆದರಬಹುದು, ಅಳಬಹುದು, ಗಾಬರಿಯಾಗಿ ಕಿತ್ತುಬಿಡಬೇಡಿ, ಸದ್ದು ಕಡಿಮೆ ಇಟ್ಟು ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ ಎಂದು ನಾನು ಓದಿದ್ದು ಅಲ್ಲಿಯೇ.

ಯಂತ್ರ ಅಂದರೆ ಆಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ನಮ್ಮತ್ತೆ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿ ಅದನ್ನು ಮಗಳ ಎದೆಗೆ ಕಟ್ಟಿ, ವೈರುಗಳನ್ನು ಕಿವಿಗೆ ಸಿಕ್ಕಿಸಿ, ಡಾಕ್ಟರು ಹೇಳಿದಷ್ಟೇ ಸದ್ದು ಇಟ್ಟು ಗುಂಡಿ ತಿರುಗಿಸಿದೆ. ಅವಳು ಒಂದು ಕ್ಷಣ ಕಲ್ಲಾದಳು. ಆಮೇಲೆ ಬಾಯಿ ತೆರೆದು ಹೋ ಎಂದು ಅತ್ತಳು.

“ಯಾಕ ಕೂಸಿನ ಜೀವಾ ತಿಂತೀರಿ, ತಗೀರಿ ಅದನ್ನ!” ಎಂದರು ನಮ್ಮತ್ತೆ. ಯಜಮಾನರ ಕೈ ವೈರಿಗೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ.

ಅಳು ನಡುವೆಯೇ ನಿಂತಿತು. ಮಗಳು ಕಣ್ಣರಳಿಸಿ ಸುತ್ತ ನೋಡಿದಳು, ಯಾರೋ ಪಕ್ಕದಲ್ಲೇ ಅಳುತ್ತಿದ್ದಾರೆ ಅನ್ನುವ ಹಾಗೆ. ಯಾರೂ ಕಾಣಲಿಲ್ಲ. ಮತ್ತೆ ಒಂದು ಸಣ್ಣ ದನಿ ತೆಗೆದಳು, ‘ಆ’. ನಿಲ್ಲಿಸಿದಳು. ದನಿಯೂ ನಿಂತಿತು. ಮತ್ತೆ ‘ಆ’ ಅಂದಳು. ತನ್ನ ಬಾಯಿಗೆ ತಾನೇ ಕೈ ಹಚ್ಚಿ ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ.

“ಅಳು ನನ್ನವ್ವಾ,” ಅಂದೆ. “ಇನ್ನೊಮ್ಮೆ ಅಳು.”