ಮೆಲ್ಚೋರಾಳ ಮಗ್ಗದಲ್ಲಿ ರಾಜನ ಕೋಲು

ಸ್ಪೇನಿನ ರಾಜನ ಪಡೆ ಸೋತು ಕಡಲು ದಾಟಿತ್ತು. ವಾಂಟಾ ಪೇಟೆಯ ಮೇಲಿನ ಬೆಟ್ಟದೂರುಗಳು ಮಾತ್ರ ಸೋಲೊಪ್ಪಿರಲಿಲ್ಲ. ರಾಜನನ್ನು ಸೋಲಿಸಿದ ಹೊಸ ಸರ್ಕಾರದವರು, ಬೆಟ್ಟದ ಜನ ಬೆಳೆದು ಜಗಿಯುವ ಕೋಕಾ ಎಲೆಗೆ ತೆರಿಗೆ ಹೇರಿ, ಕುರಿಗಳನ್ನೂ ಹೊಡೆದುಕೊಂಡು ಹೋಗಿದ್ದರು. ಅವರೊಂದಿಗಿನ ಕಾಳಗದಲ್ಲಿ ಮೆಲ್ಚೋರಾಳ ಗಂಡ, ಊರ ಯಜಮಾನ ಇಲ್ದೆಫೋನ್ಸೊ ಗುಂಡು ತಗುಲಿ ಸತ್ತ. ಅವನ ಬೆಳ್ಳಿಕಟ್ಟಿನ ಕರಿಕೋಲು ಮನೆಯಲ್ಲೇ ಉಳಿಯಿತು. ಹಿಂದೆ ರಾಜನ ಹೆಸರಲ್ಲಿ ಬಂದ ಯಜಮಾನಿಕೆಯ ಕೋಲು ಅದು. ಅದಿರುವವರೆಗೆ ಹೊಲಗಳು ಊರಿನವು ಎಂದು ಎಲ್ಲರೂ ನಂಬಿದ್ದರು. ಹೊಸ ವರ್ಷದಂದು ಅದು ಹೊಸ ಯಜಮಾನನ ಕೈ ಸೇರಬೇಕಿತ್ತು.

"ಹೆಂಗಸು ಮುಟ್ಟೋ ಕೋಲಲ್ಲ ಅದು" ಎಂದ ಹಿರಿಯ ಮರಿಯಾನೊ.

"ಹಂಗಾದ್ರೆ ನೀನೇ ಇಟ್ಕೊ ತಾತ. ಅದನ್ನ ಹುಡುಕ್ಕೊಂಡು ಸಿಪಾಯಿಗಳು ಬರ್ತಾವ್ರಂತೆ."

ಮುದುಕ ಕೆಮ್ಮುತ್ತ ಎದ್ದುಹೋದ.

ಮೆಲ್ಚೋರಾ ಬೆಳ್ಳಿಕಟ್ಟುಗಳಿಗೆ ಉಣ್ಣೆ ಸುತ್ತಿದಳು. ಅಂಗಳದ ಗೂಟಕ್ಕೆ ಹಾಸುನೂಲು ಬಿಗಿದು, ಇನ್ನೊಂದು ತುದಿಗೆ ಆ ಕೋಲನ್ನೇ ಮಗ್ಗದ ದಿಂಡಾಗಿ ಸೇರಿಸಿ, ಅದರ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯಲು ಕೂತಳು.

ಸಿಪಾಯಿಗಳು ಬಂದು ಮನೆಯ ಮೂಲೆಮೂಲೆ ಜಾಲಾಡಿದರು. ಒಣಗಿಸಿದ ಆಲೂಗಡ್ಡೆ ಮಣ್ಣುಪಾಲಾಯಿತು, ಕೋಲು ಸಿಗಲಿಲ್ಲ.

"ಎಲ್ಲಿಟ್ಟಿದ್ದೀಯ?" ಎಂದ ಕ್ಯಾಪ್ಟನ್. "ನಿನ್ನ ರಾಜ ಸೋತು ಓಡಿಹೋದ."

"ಓಡಿದೋನು ರಾಜ. ನಾನು ಇಲ್ಲೇ ಕೂತಿದ್ದೀನಲ್ಲ."

"ಏಳು ಮೇಲೆ."

"ನೇಯ್ಗೆ ಅರ್ಧ ಆಗೈತೆ. ನಾಲ್ಕೂ ಅಂಚು ಮುಗಿಯೋವರೆಗೆ ಏಳೋದಿಲ್ಲ."

ಕ್ಯಾಪ್ಟನ್ ಪಕ್ಕದ ಸಿಪಾಯಿಯತ್ತ ತಿರುಗಿದ. "ಕತ್ತರಿಸು ಅದನ್ನ."

ಸಿಪಾಯಿಯೂ ಬೆಟ್ಟದವನೇ. ಚಾಕು ಹಿರಿದವನು ಬಗ್ಗಿ ನೋಡಿದ. ದಿಂಡಿನ ಒಂದು ಕಡೆ ಉಣ್ಣೆ ಸರಿದು ಬೆಳ್ಳಿ ಇಣುಕುತ್ತಿತ್ತು. ಮೆಲ್ಚೋರಾ ಅವನ ಮುಖವನ್ನೇ ದಿಟ್ಟಿಸಿದಳು.

"ನಿಮ್ಮವ್ವ ಮಗ್ಗದ ಮೇಲಿನ ಬಟ್ಟೆ ಯಾವತ್ತಾದ್ರೂ ಕತ್ತರಿಸಿದ್ಲೇನಪ್ಪ?"

ಅವನು ಚಾಕುವನ್ನು ಒರೆಗೆ ಸೇರಿಸಿದ. "ಅರ್ಧ ಬಟ್ಟೆ ಕುಯ್ಯೋದು ಜೀವ ಕುಯ್ದಂಗೆ, ದೊರೆ. ನನ್ನ ಕೈಲಾಗಲ್ಲ. ಬರೀ ಕಂಬಳಿ ಅದು."

ಕ್ಯಾಪ್ಟನ್ ಸಿಟ್ಟಿಗೆ ಹುಲ್ಲಿನ ಸೂರಿಗೆ ಕೊಳ್ಳಿ ಇಡಿಸಿದ. ಬೆನ್ನಿಗೆ ಬಿಸಿ ತಾಗಿದರೂ, ಕೂದಲ ತುದಿ ಸೀದರೂ ಅವಳು ಏಳಲಿಲ್ಲ. ಸಿಪಾಯಿಗಳು ಬೆಟ್ಟ ಇಳಿದುಹೋಗುವವರೆಗೂ ಎಳೆಯ ಮೇಲೆ ಎಳೆ ಬಡಿಯುತ್ತಲೇ ಇದ್ದಳು.

ಹೊಸ ವರ್ಷದಂದು ಮರಿಯಾನೊ ಹೊಸ ಯಜಮಾನನನ್ನು ಕರೆದುಕೊಂಡು ಬಂದ. ಮೆಲ್ಚೋರಾ ಸುಟ್ಟ ಗೋಡೆಯ ಮುಂದೆ ನೇಯುತ್ತಿದ್ದಳು.

"ಕೋಲು ಕೊಡವ್ವ."

"ಹೆಂಗಸಿನ ಸೊಂಟದಲ್ಲೈತೆ ತಾತ. ಇನ್ನೊಂದು ಗೇಣು ಉಳಿದೈತೆ. ಮುಗೀಲಿ, ನನ್ನ ಕೈಯಾರೆ ಕೊಡ್ತೀನಿ."

ಮುದುಕ ಹ್ಯಾಟು ತೆಗೆದು ಬೂದಿಯಲ್ಲೇ ಕುಳಿತ. ಹೊಸ ಯಜಮಾನನೂ ಕುಳಿತ.