ಸಾಣೆಯವರ ಕಾಳಿನ ಸಾರು

ನನ್ನ ಯಜಮಾನರು ಮೂವತ್ತು ವರ್ಷ ಚಾಕು, ಕತ್ತರಿಗೆ ಸಾಣೆ ಹಿಡಿದರು. ಮಾರುಕಟ್ಟೆ ಬೀದಿಯಲ್ಲಿ ಎಲ್ಲರೂ ಅವರನ್ನು ಸಾಣೆಯವರೆಂದೇ ಕರೆಯುತ್ತಿದ್ದರು. ಅವರು ಹೋಗಿ ಐದು ತಿಂಗಳಾಯಿತು. ಒಳ್ಳೆಯವರು. ನಾನು ಅವರಿಗೆ ಮೋಸ ಮಾಡಿದೆ. ಅದನ್ನು ಬರೆಯಬೇಕು.

ಒಂದು ದಿನ ಮಾಂಸದಂಗಡಿಯ ಹಿಂದೆ ಕೂತು ಕತ್ತಿ ಮಸೆಯುವಾಗ, ಅಲ್ಲಿ ಕಟ್ಟಿದ್ದ ಕುರಿ ಅವರ ಅಂಗೈ ನೆಕ್ಕಿತಂತೆ. ಮನೆಗೆ ಬಂದು ಕೈ ತೊಳೆದರು, ಇನ್ನು ಮಾಂಸ ಬೇಡ ಎಂದರು. ವರ್ಷ ಕಳೆದ ಮೇಲೆ ಹಾಲೂ ಬೇಡ, ಅದು ಕರುವಿನ ಪಾಲು ಎಂದರು.

"ಕತ್ತಿ ಮಸೆದು ಕೊಡೋರೂ ನೀವೇ, ಉಪದೇಶ ಮಾಡೋರೂ ನೀವೇ," ಅಂದೆ.

"ಅದು ಹೊಟ್ಟೆಪಾಡು ಕಣೇ. ಹೊಟ್ಟೆಗೆ ಏನು ಹಾಕ್ಕೋಬೇಕು ಅನ್ನೋದಾದ್ರೂ ನನ್ನ ಕೈಲಿರ್ಲಿ ಬಿಡು."

ನನ್ನನ್ನು ಬಲವಂತ ಮಾಡಲಿಲ್ಲ. ರಜೆಯ ದಿನ ತಾವೇ ಒಲೆ ಮುಂದೆ ನಿಲ್ಲುತ್ತಿದ್ದರು. ನೆನೆಸಿದ ಅಲಸಂದೆ ಕಾಳು, ಈರುಳ್ಳಿ, ಟೊಮೆಟೊ, ಕುಂಬಳಕಾಯಿ ಹೋಳು, ಎಲ್ಲ ಒಂದೇ ಪಾತ್ರೆಗೆ. ಇಳಿಸುವಾಗ ಹುರಿದ ಕಡಲೆಕಾಯಿ ಬೀಜ ಅರೆದು ಕದಡುತ್ತಿದ್ದರು. ಮಗಳು ತಿಂದು ತಿಂದು ಅಪ್ಪನ ದಾರಿಯನ್ನೇ ಹಿಡಿದಳು. ಮದುವೆಯಾಗಿ ಪಕ್ಕದ ಬೀದಿಗೆ ಹೋದ ಮೇಲೆ ತನ್ನ ಮಕ್ಕಳಿಗೂ ಅದನ್ನೇ ಕಲಿಸಿದಳು.

ಒಂದು ಚಳಿಗಾಲ ಅವರಿಗೆ ಕೆಮ್ಮು ಹಿಡಿಯಿತು. ಮೈ ಇಳಿಯಿತು. ಒಲೆ ನನ್ನ ಪಾಲಿಗೆ ಬಂತು. ಮಾಂಸದಂಗಡಿಯವನ ಹತ್ತಿರ ಮೂಳೆ ತಂದೆ. ನಾಯಿಗೆ ಎಂದೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಕುದಿಸಿ, ಬಟ್ಟೆಯಲ್ಲಿ ಸೋಸಿ, ಜಿಡ್ಡು ತೆಗೆದು, ಆ ನೀರಿನಲ್ಲೇ ಕಾಳು ಬೇಯಿಸಿದೆ.

ಎರಡು ಬಟ್ಟಲು ಕುಡಿದರು. "ಏನೇ ಇದು, ನನ್ನ ಸಾರಿಗೆ ನೀನೇ ಗುರು ಆಗ್ಬಿಟ್ಟೆಯಲ್ಲ," ಅಂದರು. ನನ್ನ ಅಡುಗೆಯನ್ನು ಅವರು ಹಾಗೆ ಹೊಗಳಿದ್ದು ಅದೇ ಮೊದಲು.

ಎಂಟು ದಿನಕ್ಕೆ ಕೆಮ್ಮು ಹೋಯಿತು. ನಾನು ನಿಲ್ಲಿಸಲಿಲ್ಲ. ಅವರ ಮೈಗಾಗಿ ಮಾಡಿದೆ ಎಂದರೆ ಸುಳ್ಳು. ನನಗೆ ಆ ಹೊಗಳಿಕೆ ಬೇಕಿತ್ತು. ಮೂರು ವರ್ಷ, ವಾರ ತಪ್ಪಿಸಲಿಲ್ಲ. ಮಗಳ ಮನೆಗೂ ಡಬ್ಬಿ ತುಂಬಿ ಕಳಿಸಿದೆ.

ಒಮ್ಮೆ ಮಾರುಕಟ್ಟೆಯವರನ್ನೆಲ್ಲ ಊಟಕ್ಕೆ ಕರೆದರು. "ಮಾಂಸ ಇಲ್ಲ, ಬೆಣ್ಣೆ ಇಲ್ಲ, ಬರೀ ಕಾಳು. ತಿಂದು ನೋಡ್ರಯ್ಯ," ಎಂದು ತಾವೇ ಬಡಿಸಿದರು. ಮಾಂಸದಂಗಡಿಯವನೂ ಬಂದಿದ್ದ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ.

"ನಾಯಿ ಎಲ್ಲಿ ಅಕ್ಕಾ, ಕಾಣ್ತಿಲ್ಲ?"

"ಯಾವ ನಾಯಿ?" ಅಂದರು ಇವರು.

"ಬೀದೀದು," ಅಂದೆ.

ಅವನು ತಲೆ ತಗ್ಗಿಸಿದ. ಇವರು ಅವನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿ, "ನೋಡು, ನಿನ್ನ ಬಾಯೇ ಕಟ್ಟಿಹೋಯ್ತು," ಎಂದು ನಕ್ಕರು. ನಾನು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ.

ಅಂದಾದರೂ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಬೆಳಿಗ್ಗೆ ಸಾಣೆಕಲ್ಲಿನ ಮುಂದೆಯೇ ಕುಸಿದರು. ಮತ್ತೆ ಏಳಲಿಲ್ಲ.

ಹೋದ ತಿಂಗಳು ಮಗಳು ಮಕ್ಕಳನ್ನು ಕರೆದುಕೊಂಡು ಬಂದಳು. "ಅಮ್ಮ, ಆ ಸಾರು ನನ್ನ ಕೈಲಿ ಬರ್ತಾನೇ ಇಲ್ಲ. ಇವು ಅಜ್ಜಿ ಮಾಡಿದ್ದೇ ಬೇಕು ಅಂತಾವೆ. ಏನು ಹಾಕ್ತೀಯ ಹೇಳು."

ಕಾಳು ಹಳೆಯದಿರಬೇಕು, ನಿಮ್ಮ ಮನೆ ನೀರು ಬೇರೆ ಎಂದು ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನಾನು ಆ ಸಾರು ತಿನ್ನಿಸಿದ ಮಕ್ಕಳು ಎದುರಿಗೇ ಇದ್ದವು.

"ಮೂಳೆ ನೀರು," ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆಲಕ್ಕೆ ಕೂತಳು.

"ಅಪ್ಪಂಗೆ ಗೊತ್ತಿತ್ತಾ?"

"ಇಲ್ಲ."

"ನಮ್ಮ ಡಬ್ಬೀಲೂ?"

"ಹೂಂ."

ಬೈಯಲಿಲ್ಲ. ಮಕ್ಕಳ ಕೈ ಹಿಡಿದು ಹೊರಟಳು. ಮೂರು ವಾರ ಇತ್ತ ಸುಳಿಯಲಿಲ್ಲ.

ನಿನ್ನೆ ಮಕ್ಕಳ ಜೊತೆ ಬಂದಳು. ಕಾಳು ಮನೆಯಲ್ಲೇ ನೆನೆಸಿ ತಂದಿದ್ದಳು. ಪಾತ್ರೆಯೂ ತನ್ನದೇ. ನಾನು ಸೌಟು ತೆಗೆಯಲು ಎದ್ದೆ.

"ನೀನು ಕೂತ್ಕೋ," ಅಂದಳು.

ಕೂತೆ.

"ಅಜ್ಜಿ ಯಾಕೆ ಮಾಡಲ್ಲ?" ಚಿಕ್ಕವಳು ಕೇಳಿದಳು.

"ಅಜ್ಜಿಗೆ ಇದು ಬರಲ್ಲ."

ನಿಜ, ಬರುವುದಿಲ್ಲ. ಸಾರು ಸ್ವಲ್ಪ ಸಪ್ಪೆಯಿತ್ತು. ನನಗೂ ಒಂದು ಬಟ್ಟಲು ಬಡಿಸಿದಳು. ಅವಳ ಮುಖ ನೋಡದೆ ಬಟ್ಟಲು ಬರಿದು ಮಾಡಿದೆ.